ಬೈಸಿಕೊಂಡ ದಿನ

ಕಂಡಕ್ಟರಮ್ಮನಿಗೆ ಆ ಹಳ್ಳಿಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ಬೈಯುವವರೊಬ್ಬರನ್ನು ಬಿಟ್ಟು.

ಅರ್ಧ ಆಯುಷ್ಯ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದ ಹೆಂಗಸು ಆಕೆ. ಫುಟ್‌ಬೋರ್ಡಿನಲ್ಲಿ ನೇತಾಡುವವರನ್ನು ಬೈದು, ಚಿಲ್ಲರೆ ಇಲ್ಲದವರಿಂದ ಬೈಸಿಕೊಂಡು, ಡ್ರೈವರನ ಜೊತೆ ಜಗಳವಾಡುತ್ತಲೇ ಅವನ ಡಬ್ಬಿಗೆ ಕೈಹಾಕಿ ಉಂಡವಳು. ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್. ಪರದೇಶದ ಈ ಹಳ್ಳಿಯ ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸ ಸಿಕ್ಕಾಗ ಆಕೆ ಹಾಕಿದ್ದು ಒಂದೇ ಷರತ್ತು.

"ಬೇಸಿಗೆ ಮುಗಿಯೋವರೆಗೆ ನೋಡ್ತೀನಿ ಕಣ್ರೀ. ಆಗಲೂ ನೆಂಟರ ಹಾಗೇ ಅನ್ನಿಸಿದ್ರೆ ವಾಪಸ್ ಹೊರಡೋದೇ."

ಗಂಡನಿಗೆ ಬಂದ ವಾರಕ್ಕೇ ಊರು ಹಿಡಿಸಿತು. ಆಕೆಯ ಪಾಡು ಬೇರೆ. ಪಕ್ಕದ ಮನೆಯ ಹಾಲಿನಕ್ಕ ಹಸು ಸಾಕಿಕೊಂಡವಳು. ಬಾಯಿ ತೆರೆದರೆ ಬೀದಿಯ ಆ ತುದಿಗೆ ಕೇಳಬೇಕು. ಗಂಡ, ಪೋಸ್ಟ್‌ಮನ್, ಒದೆಯುವ ಹಸು, ಯಾರನ್ನೂ ಬಿಟ್ಟವಳಲ್ಲ. ಕಂಡಕ್ಟರಮ್ಮ ಆ ಊರಿನ ಭಾಷೆ ಕಲಿತದ್ದೇ ಅಡುಗೆಮನೆ ಕಿಟಕಿಯಲ್ಲಿ ನಿಂತು ಆ ಬೈಗುಳ ಕೇಳಿ. ಕೇಳುತ್ತಾ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಈಕೆ ಎದುರಾದರೆ ಸಾಕು, ಅದೇ ಬಾಯಲ್ಲಿ ಬೆಣ್ಣೆಯಂಥ ಮಾತು. ಒಮ್ಮೆ ಅವಳು ಬಿತ್ತಿದ ಪಾತಿಯನ್ನು ಈಕೆ ಗೊತ್ತಿಲ್ಲದೆ ತುಳಿದಾಗಲೂ ಅವಳು ನಕ್ಕು, "ಪರವಾಗಿಲ್ಲ ಬಿಡಿ, ನಿಮಗೇನು ಗೊತ್ತಿರುತ್ತೆ," ಎಂದುಬಿಟ್ಟಳು. ಈಕೆ ಮನೆಗೆ ಬಂದು ಅತ್ತಳು.

ಊರಿನ ಹಿಂದೆ ಒಂದು ಕಾಲುವೆ. ಅದರ ತೂಬಿನ ಹಲಗೆ ಎತ್ತಿದರೆ ನೀರು ತೋಟಗಳಿಗೆ ಹರಿಯುತ್ತದೆ, ಇಳಿಸಿದರೆ ಮುಂದಕ್ಕೆ ಹೋಗುತ್ತದೆ. ಹಲಗೆ ನೋಡಿಕೊಳ್ಳುವುದು ಮನೆಮನೆಗೂ ಸರದಿ, ಇವರ ಮನೆಯೊಂದಕ್ಕೆ ಮಾತ್ರ ಇಲ್ಲ. "ನಿಮಗ್ಯಾಕೆ ತೊಂದರೆ," ಎಂದು ಹಾಲಿನಕ್ಕನೇ ಇವರ ತೋಟಕ್ಕೂ ನೀರು ಬಿಡುತ್ತಿದ್ದಳು. ಬೇಸಿಗೆ ಮುಗಿಯುತ್ತಾ ಬಂದಿತ್ತು. ಕಂಡಕ್ಟರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಸರದಿ ಹಂಚುವವರ ಮನೆಗೆ ಹೋಗಿ, ಸರದಿ ಕೊಡದೆ ಜಾಗ ಬಿಟ್ಟು ಕದಲುವುದಿಲ್ಲ ಎಂದು ಕೂತು ಇಸಕೊಂಡು ಬಂದಳು.

ಮೊದಲ ಸರದಿಯ ದಿನ ಹಲಗೆ ಎತ್ತಿದಳು. ತೋಟಕ್ಕೆ ನೀರು ನುಗ್ಗುವುದನ್ನು ನೋಡುತ್ತಾ ಮೈಮರೆತು, ಹಾಗೇ ಒಳಗೆ ಹೋಗಿ ಅನ್ನಕ್ಕಿಟ್ಟಳು. ಹಲಗೆ ಇಳಿಸುವುದು ನೆನಪಿಗೆ ಬಂದಾಗ ಹೊರಗಿಂದ ಕೂಗು ಕೇಳಿಸುತ್ತಿತ್ತು. ಓಡಿ ಬಂದು ನೋಡಿದರೆ, ಹಾಲಿನಕ್ಕ ಒಣಗಲು ಹರವಿದ್ದ ಹುಲ್ಲೆಲ್ಲ ನೀರಲ್ಲಿ ತೇಲುತ್ತಿತ್ತು.

"ಏನೇ, ಕಣ್ಣು ಎಲ್ಲಿಟ್ಟಿದ್ದೆ? ಒಂದು ಹಲಗೆ ಇಳಿಸೋಕೆ ಆಗಲ್ವಾ ನಿನ್ನ ಕೈಲಿ? ಚಳಿಗಾಲದಲ್ಲಿ ನನ್ನ ಹಸುಗಳು ನಿನ್ನ ತಲೆ ತಿನ್ನಬೇಕಾ?"

ಬೀದಿಯವರೆಲ್ಲ ಬಾಗಿಲಿಗೆ ಬಂದರು. ಕಂಡಕ್ಟರಮ್ಮನಿಗೆ ಹುಲ್ಲು ನೋಡಿ ಅಯ್ಯೋ ಅನ್ನಿಸಿತು. ಅದರ ಜೊತೆಗೇ, ಹೇಳಿದರೆ ನಾಚಿಕೆ, ಎದೆಯೊಳಗೆ ಎಂಥದೋ ಖುಷಿ ಉಕ್ಕಿ ಬಂತು. ಬಾಯಿ ತಾನಾಗಿ ತೆರೆಯಿತು.

"ತಪ್ಪು ನಂದೇ, ಇಲ್ಲ ಅಂದ್ನಾ? ನೀನೇನು ಕಡಿಮೆನಾ? ಕಾಲುವೆ ಬಾಯಲ್ಲೇ ತಂದು ಹರವಿದ್ದೀಯಲ್ಲ. ಹಿಂದೆ ಅಷ್ಟು ಜಾಗ ಖಾಲಿ ಬಿದ್ದಿದೆ, ಒಳಗೆ ಹೋಗೋಕೇನು ಧಾಡಿ?"

ಬಸ್ಸಿನಲ್ಲಿ ದಿನಕ್ಕೆ ನೂರು ಸಲ ಹೇಳಿದ ಮಾತು, ಪರಭಾಷೆಯಲ್ಲೂ ಸಲೀಸಾಗಿ ಬಂತು. ಹಾಲಿನಕ್ಕ ಕೊಟ್ಟಿಗೆಯ ಮೂಲೆಯಲ್ಲಿದ್ದ ಹುಲ್ಲೆತ್ತುವ ಕವೆಗೋಲು ತಂದು ಈಕೆಯ ಕೈಗೆ ತುರುಕಿದಳು.

"ಮಾತಾಡಿದ್ದು ಸಾಕು. ಆ ಕಡೆಯಿಂದ ಎತ್ತು."

ಕತ್ತಲಾಗುವವರೆಗೂ ಇಬ್ಬರೂ ಕಿತ್ತಾಡುತ್ತಲೇ ಹುಲ್ಲನ್ನು ಎತ್ತಿ ಮೇಲಿನ ಒಣ ಜಾಗಕ್ಕೆ ಹಾಕಿದರು. ಮಧ್ಯೆ ಹಾಲಿನಕ್ಕ ಒಂದು ಲೋಟ ಹಾಲು ಕೊಟ್ಟಳು, ಅದನ್ನೂ ಬೈದುಕೊಂಡೇ.

ಕಂಡಕ್ಟರಮ್ಮ ಮನೆಗೆ ಬಂದಾಗ ಮೈಯೆಲ್ಲ ಕೆಸರು, ತಲೆತುಂಬ ಹುಲ್ಲು, ಒಲೆಯ ಮೇಲಿನ ಅನ್ನ ಸೀದು ಕರಕಲು. ಗಂಡ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದ. ಜಗಳದ ಸುದ್ದಿ ವರ್ಕ್‌ಶಾಪಿನವರೆಗೂ ಮುಟ್ಟಿತ್ತು.

"ಆಯ್ತು ಬಿಡು," ಎಂದ. "ಬೇಸಿಗೆನೂ ಮುಗೀತು. ವಾಪಸ್ ಹೋಗೋಕೆ ಟಿಕೆಟ್ ಮಾಡಿಸ್ಲಾ?"

"ಯಾರಿಗ್ರೀ ಟಿಕೆಟ್ಟು?" ಆಕೆ ತಲೆಯಿಂದ ಹುಲ್ಲು ಕೊಡವುತ್ತಾ ಕೇಳಿದಳು. "ಬೆಳಿಗ್ಗೆ ಎದ್ದು ಆ ಹುಲ್ಲು ತಿರುವಿ ಹಾಕೋಕೆ ಹೋಗಬೇಕು ನಾನು. ತಡ ಮಾಡಿದ್ರೆ ಬೈತಾಳೆ."