ಕೋಡುಬಳೆಗೆ ಹಿಡಿಸದ ನಿಂಬೆಹಣ್ಣು

ನನ್ನ ಅಂಗಿಗಳನ್ನು ಒಗೆಯಲು ಹಾಕುವ ಮುನ್ನ ಹೆಂಡತಿ ಪಾರ್ವತಿ ಎಡಜೇಬನ್ನು ತಪ್ಪದೆ ತಡಕುತ್ತಾಳೆ. ಲೋಕದ ಉಳಿದ ಹೆಂಡತಿಯರಿಗೆ ಗಂಡಂದಿರ ಜೇಬಿನಲ್ಲಿ ಏನೇನು ಸಿಗುತ್ತದೋ ನಾನರಿಯೆ. ಈಕೆಗೆ ಮೂವತ್ತೈದು ವರ್ಷಗಳಿಂದ ಸಿಗುತ್ತಿದ್ದುದು ಒಂದೇ ಒಂದು ನಿಂಬೆಹಣ್ಣು. ಒಮ್ಮೆ ಹಸಿರಾಗಿ, ಒಮ್ಮೆ ಹಳದಿಯಾಗಿ, ಬೀರುವಿನಲ್ಲಿ ಮರೆತುಹೋದ ಅಂಗಿಯಾದರೆ ಗೋಲಿಯಷ್ಟಕ್ಕೆ ಕುಗ್ಗಿ ಕಪ್ಪಾಗಿ ಅದು ಹೊರಬರುತ್ತಿತ್ತು.

ನಗಬೇಡಿ ಸ್ವಾಮಿ, ಇದಕ್ಕೊಂದು ಇತಿಹಾಸವಿದೆ. ಸಾಲಗಾಮೆಯಿಂದ ಹಾಸನಕ್ಕೆ ಹೋಗುವ ಅಷ್ಟು ಹತ್ತಿರದ ದಾರಿಯಲ್ಲೇ ಎರಡು ಸಲ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಒಳಗಿನದನ್ನೆಲ್ಲ ರಸ್ತೆಗೆ ಅರ್ಪಿಸುತ್ತಿದ್ದ ಮಗನ ಕೈಗೆ ಅವ್ವ ಒಂದು ದಿನ ನಿಂಬೆಹಣ್ಣು ಇಟ್ಟು, "ಮೂಸ್ಕಂಡು ಕೂತ್ಕ, ಏನೂ ಆಗಕಿಲ್ಲ" ಎಂದಳು. ಆವತ್ತು ನಿಜಕ್ಕೂ ಏನೂ ಆಗಲಿಲ್ಲ. ಅಂದಿನಿಂದ ಅರವತ್ತು ದಾಟುವವರೆಗೂ ನಿಂಬೆಹಣ್ಣಿಲ್ಲದೆ ನಾನು ಚಕ್ರವಿರುವ ಯಾವುದನ್ನೂ ಹತ್ತಿದವನಲ್ಲ. ನನ್ನ ಮದುವೆಯ ಮೆರವಣಿಗೆಯ ಜೀಪಿನಲ್ಲಿ ಕೂಡ ಬಲಗೈಯಲ್ಲಿ ವಧುವಿನ ಕೈ, ಎಡಗೈಯಲ್ಲಿ ನಿಂಬೆಹಣ್ಣು ಹಿಡಿದೇ ಕೂತಿದ್ದೆ. ನೋಡಿದವರೆಲ್ಲ ಅದೂ ಒಂದು ಶಾಸ್ತ್ರವೆಂದು ಗೌರವದಿಂದ ಕೈಮುಗಿದರು.

ಕೋಡುಬಳೆಯೆಂದರೆ ನಮ್ಮ ನಾಯಿ. ಯಾವ ತಳಿ ಎಂದು ಕೇಳುವವರಿಗೆ ಅರಕಲಗೂಡು ಬಸ್‌ಸ್ಟ್ಯಾಂಡ್ ತಳಿ ಎನ್ನುತ್ತೇನೆ. ಮರಿಯಾಗಿದ್ದಾಗಲೇ ಬಾಲ ಒಂದು ಸುತ್ತು ಸುತ್ತಿ ಬೆನ್ನ ಮೇಲೆ ಕೂತಿದ್ದರಿಂದ ಆ ಹೆಸರು ಬಂತು. ಗ್ರಂಥಾಲಯದ ಗುಮಾಸ್ತನಾಗಿ ನಿವೃತ್ತನಾದ ನನಗೆ, ಎದುರು ಕೂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವ ಜೀವವೆಂದರೆ ಅದೊಂದೇ. ಹೆಂಡತಿಯಾದರೋ ಶಾಲೆಯ ಹೆಡ್ ಮೇಡಂ. ಮನೆಯಲ್ಲೂ ಮಾತಾಡುವ ಸರದಿ ಅವಳದೇ.

ಕಳೆದ ಬೇಸಿಗೆಯಲ್ಲಿ ಪಾರ್ವತಿಗೆ ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಸಾಮಾನಿಗೆ ಲಾರಿ, ನಮಗೆ ಅವಳೇ ಓಡಿಸುವ ಹಳೆಯ ಕಾರು ಎಂದು ಲೆಕ್ಕವಾಯಿತು. ಕೋಡುಬಳೆಯ ಲೆಕ್ಕ ಮಾತ್ರ ಹೊಂದಲಿಲ್ಲ. ಅದನ್ನು ಕಾರಿಗೆ ಹತ್ತಿಸಿದರೆ ಊರು ದಾಟುವುದರೊಳಗೆ ಜೊಲ್ಲು, ನಡುಕ, ಆಮೇಲೆ ವಾಂತಿ. ಕಡೆಗೆ ಹಿಂದಿನಿಂದ ನೆಗೆದು ಡ್ರೈವರಮ್ಮನ ಹೆಗಲೇರಿ ಕಿಟಕಿಯಿಂದ ಹಾರುವ ಪ್ರಯತ್ನ. ಒಮ್ಮೆ ಹಾಗಾಗಿ ಕಾರು ಮೋರಿಯ ಅಂಚಿಗೆ ಹೋಗಿ ನಿಂತಿತು. ಇಳಿದು ಬಂದ ಪಾರ್ವತಿ ಸೆರಗಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟಳು.

"ನೋಡ್ರೀ, ಇನ್ನೊಂದು ತಿಂಗಳೈತೆ. ನಿಮ್ ಕೈಲಾದ್ರೆ ಅಭ್ಯಾಸ ಮಾಡ್ಸಿ. ಇಲ್ಲಾಂದ್ರೆ ಕಟ್ಟಾಯದಾಗೆ ನಮ್ಮಣ್ಣನ ತ್ವಾಟಕ್ಕೆ ಬಿಟ್ಬುಡಣ. ಮೂರು ಜನಾನೂ ಸಾಯೋಕಾಯ್ತದಾ?"

ಭಾವಮೈದುನ ಕೆಟ್ಟವನಲ್ಲ. ಆದರೆ ಅವನ ತೋಟದ ನಾಯಿಗಳು ಬೆಳಗಿನಿಂದ ಬೈಗಿನವರೆಗೆ ಸರಪಳಿಯಲ್ಲಿರುತ್ತವೆ. ನನ್ನ ಪಾದದ ಮೇಲೆ ಗಲ್ಲವಿಟ್ಟೇ ಮಲಗುವ ಪ್ರಾಣಿಯನ್ನು ಸರಪಳಿಯ ತುದಿಯಲ್ಲಿ ನೆನೆದು ನನಗೆ ಅಂದು ಊಟ ಸೇರಲಿಲ್ಲ. ಮಕ್ಕಳಿಲ್ಲದ ಮನೆ ನಮ್ಮದು. ಅಷ್ಟು ಹೇಳಿದರೆ ಸಾಕು.

ಹಾಗಾಗಿ ಚಿಕಿತ್ಸೆಯನ್ನು ನಾನೇ ಕೈಗೆತ್ತಿಕೊಂಡೆ. ಈ ವ್ಯಾಧಿಯಲ್ಲಿ ಅರ್ಧ ಶತಮಾನದ ಸ್ವಾನುಭವವುಳ್ಳ ವೈದ್ಯ ಜಿಲ್ಲೆಯಲ್ಲಿ ನನಗಿಂತ ಬೇರೆ ಯಾರಿದ್ದಾರೆ ಹೇಳಿ! ಕಾರಿನ ಮುಂದೆ ಮೆಣಸಿನಕಾಯಿಯ ಜೊತೆ ಒಂದು ನಿಂಬೆ ಮೊದಲೇ ತೂಗುತ್ತಿತ್ತು. ಹಿಂದಿನ ಸೀಟಿನ ಎರಡೂ ಮೂಲೆಗೆ ಒಂದೊಂದು ಹೋಳು ಮಾಡಿಟ್ಟೆ. ಹಾಸುವ ಬಟ್ಟೆಯನ್ನು ನಿಂಬೆರಸದ ನೀರಲ್ಲಿ ಅದ್ದಿ ಒಣಗಿಸಿದೆ. ನಿಂಬೆಯದೇ ಪರಿಮಳ ಬೀರುವ ಡಬ್ಬಿಯೊಂದನ್ನು ತಂದು ಕನ್ನಡಿಯ ಕೆಳಗೆ ಅಂಟಿಸಿದೆ. ಕೋಡುಬಳೆ ನಡುಗಿದಾಗಲೆಲ್ಲ, "ಏನೂ ಆಗಲ್ಲ ಬಾರೋ ಮಗನೆ" ಎನ್ನುತ್ತ ಅದರ ಮೂಗಿಗೇ ಹಣ್ಣು ಹಿಡಿಯುತ್ತಿದ್ದೆ. ಅದು ಮುಖ ತಿರುಗಿಸಿದರೆ ಅಯ್ಯೋ ಪಾಪ, ಸಂಕಟ ಜಾಸ್ತಿಯಾಗಿದೆ ಎಂದು ಇನ್ನೂ ಹತ್ತಿರ ಹಿಡಿಯುತ್ತಿದ್ದೆ.

ದನದ ಡಾಕ್ಟರು ಒಳ್ಳೆಯವರು. ಕಾರಿನ ಹತ್ತಿರ ಬಾರದೆ, ತಮ್ಮ ಬೈಕಿನ ಮೇಲೇ ಕೂತು ಹೇಳಿದರು: "ಹೊರಡೋಕೆ ಮುಂಚೆ ಹೊಟ್ಟೆ ಖಾಲಿ ಇರ್ಲಿ ಸಾರ್. ನೀವು ನುಂಗೋ ಮಾತ್ರೆ ಮಾತ್ರ ಕೊಡ್ಬೇಡಿ, ಅದಕ್ಕೆ ಅಪಾಯ. ಮೊದ್ಲು ಎಂಜಿನ್ ಆನ್ ಮಾಡ್ದೇ ಕಾರಲ್ಲಿ ಸುಮ್ನೆ ಕೂತ್ಕಂಡು ರೂಢಿ ಮಾಡ್ಸಿ. ಆಮೇಲೆ ಒಂದ್ ಬೀದಿ, ಆಮೇಲೆ ಒಂದ್ ಊರು."

ಹೀಗೆ ನಿಂತ ಕಾರಿನಲ್ಲಿ ನಮ್ಮಿಬ್ಬರ ಪ್ರಯಾಣ ಶುರುವಾಯಿತು. ಬೆಳಿಗ್ಗೆ ಒಂದು ಗಂಟೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕೋಡುಬಳೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಸಂಪಾದಕೀಯದಿಂದ ವಧೂವರರ ಅಂಕಣದವರೆಗೆ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ. ರಾಜಕೀಯಕ್ಕೆ ಅದು ಬೇಗ ನಿದ್ದೆ ಹೋಗುತ್ತಿತ್ತು, ಆ ಮಟ್ಟಿಗೆ ನನಗಿಂತ ಬುದ್ಧಿವಂತ. ಬೀದಿಯವರಿಗೆ ಇದೊಂದು ಪುಕ್ಕಟೆ ನಾಟಕವಾಯಿತು. "ಎಲ್ಲಿಗ್ ಸಾ ಪಯಣ?" ಎಂದು ಕೇಳಿ, "ಎಲ್ಲಿಗೂ ಇಲ್ಲ" ಎಂದರೆ ಕನಿಕರದಿಂದ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಹೆಡ್ ಮೇಡಂ ಗಂಡನನ್ನು ಮನೆಯಿಂದಾಚೆ ಹಾಕಿದ್ದಾರೆಂಬ ಸುದ್ದಿ ಮೂರನೇ ದಿನ ಹಾಲಿನವನ ಮೂಲಕ ನಮ್ಮ ಅಡುಗೆಮನೆಗೇ ಬಂತು.

ಬಾಗಿಲು ತೆರೆದಿದ್ದರೆ ಎಲ್ಲ ಸರಿ. ಮುಚ್ಚಿ ಕಾರು ಹೊರಟರೆ ಮತ್ತೆ ಅದೇ ಜೊಲ್ಲು, ಅದೇ ನಡುಕ. ನಾನು ನಿಂಬೆಹಣ್ಣುಗಳ ಸಂಖ್ಯೆ ಹೆಚ್ಚಿಸಿದೆ. ಮೂರು ವಾರ ಹೀಗೇ ಕಳೆದ ಮೇಲೆ ಒಂದು ಭಾನುವಾರ ಪಾರ್ವತಿ ನಾಯಿಯ ತಟ್ಟೆ, ಹಾಸಿಗೆ, ಚೆಂಡು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಕಾರಿಗಿಟ್ಟಳು. ಆ ಚೆಂಡನ್ನು ನಾನು ಚೀಲದಿಂದ ತೆಗೆದು, ಒರೆಸಿ, ಮತ್ತೆ ಅಲ್ಲೇ ಇಟ್ಟೆ. ಕಟ್ಟಾಯದ ಕಡೆಗೆ ಹೊರಟೆವು.

ಗೊರೂರು ಮುಟ್ಟುವಷ್ಟರಲ್ಲಿ ಕೋಡುಬಳೆಯ ಸ್ಥಿತಿ ನೋಡಲಾಗದೆ ಕಾರು ನಿಲ್ಲಿಸಿದೆವು. ಬಾಗಿಲು ತೆರೆದದ್ದೇ ತಡ, ಅದು ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ಓಡಿದ್ದಾದರೂ ಎಲ್ಲಿಗೆ ಅಂತೀರಿ? ಹಿನ್ನೀರಿನ ಮೀನು ಮಾರುವ ಹೆಂಗಸೊಬ್ಬಳ ಲಗೇಜ್ ಆಟೋ ಅಲ್ಲಿ ನಿಂತಿತ್ತು. ನೆಗೆದು ಅದರ ಹಿಂಬದಿಗೆ ಹತ್ತಿ ಒದ್ದೆ ಗೋಣಿಚೀಲದ ಮೇಲೆ ಪದ್ಮಾಸನ ಹಾಕಿಬಿಟ್ಟಿತು. ಕರೆದರೂ ಇಳಿಯಲಿಲ್ಲ. ಆಕೆಯ ಹೆಸರು ಸಾಕಮ್ಮ. ನಕ್ಕು, "ಇರ್ಲಿ ಬುಡಿ ಸಾ, ನಾನು ಡ್ಯಾಮ್ ಕ್ವಾಟ್ರಸ್ ತಂಕ ಓಗ್ಬತ್ತೀನಿ, ಒಂದ್ ರೌಂಡ್ ನೋಡ್ಕಂಡ್ ಬರ್ಲಿ" ಎಂದಳು. ನಾನೂ ಹಗ್ಗ ಹಿಡಿದು ಹಿಂದೆ ಹತ್ತಿದೆ. ಆ ಆಟೋ ಗುಂಡಿಯಿಂದ ಗುಂಡಿಗೆ ಹಾರಿತು, ತಿರುವಿನಲ್ಲಿ ವಾಲಿತು, ಕೆಮ್ಮಿತು, ಗುಡುಗಿತು. ಕೋಡುಬಳೆ ಎದೆಯುಬ್ಬಿಸಿ, ಕಿವಿ ಗಾಳಿಗೆ ಕೊಟ್ಟು, ಊರನ್ನೆಲ್ಲ ಪರಿಶೀಲಿಸುತ್ತ ಬಂತು. ಒಂದು ಹನಿ ಜೊಲ್ಲಿಲ್ಲ! ಮೀನಿನ ನಾತಕ್ಕೆ ಮೂಗು ಜೇಬಿಗೆ ತುರುಕಿಕೊಂಡು ನಿಂಬೆ ಮೂಸುತ್ತಿದ್ದವನು ನಾನೊಬ್ಬನೇ.

ವಾಪಸು ಬಂದ ಮೇಲೆ ಸಾಕಮ್ಮ ನಮ್ಮ ಕಾರಿನೊಳಗೆ ತಲೆ ಹಾಕಿದಳು, ಹಾಕಿದಷ್ಟೇ ಬೇಗ ತೆಗೆದಳು.

"ಥೂ, ಏನ್ ಸಾ ಇದು, ಉಪ್ಪಿನಕಾಯಿ ಜಾಡಿ ಆದಂಗೈತೆ! ನಂಗೇ ತಲೆ ತಿರುಗ್ತದೆ. ನಾಯ್ಗಳಿಗೆ ನಿಂಬೆಣ್ಣು ಕಂಡ್ರೆ ಆಗಕಿಲ್ಲ ಕಣ್ ಸಾ. ಸಂತೇಲಿ ನೆಲಕ್ಕಿಟ್ಟಾಗ ನಮ್ ಮೀನಿಗ್ ಬಾಯಾಕ್ದಂಗೆ ಬುಟ್ಟಿ ಸುತ್ತ ಅದ್ನೇ ಅಲ್ವಾ ನಾನು ತಿಕ್ಕದು!"

ಪಾರ್ವತಿ ನನ್ನ ಮುಖ ನೋಡಿದಳು. ನಾನು ಹಿನ್ನೀರಿನ ಕಡೆ ನೋಡಿದೆ. ಮೂರು ವಾರಗಳ ಕಾಲ ನಾನು ಆ ಮೂಕಪ್ರಾಣಿಯನ್ನು ಅದಕ್ಕೆ ಅತ್ಯಂತ ಅಸಹ್ಯವಾದ ವಸ್ತುವಿನ ನಡುವೆ ಕೂಡಿಹಾಕಿ, ಅದನ್ನೇ ಪ್ರೀತಿ ಎಂದು ಕರೆದಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಯೋಚಿಸಿ ನೋಡಿದರೆ ನಾವು ಪ್ರೀತಿಸುವವರಿಗೆ ಕೊಡುವುದರಲ್ಲಿ ಬಹುಪಾಲು ಇಂಥದೇ: ನಮ್ಮ ಬಾಲ್ಯದಲ್ಲಿ ನಮಗೆ ಯಾರೋ ಕೊಟ್ಟು, ನಮಗೆ ಹಿಡಿಸಿದ್ದು. ಎದುರಿನವರು ಮುಖ ತಿರುಗಿಸಿದರೆ, ಅವರಿಗೆ ಅದು ಸಾಲಲಿಲ್ಲವೆಂದೇ ನಮ್ಮ ಅರ್ಥ. ಪಾರ್ವತಿಗೆ ನಾನು ಪ್ರತಿ ಯುಗಾದಿಗೂ ತರುತ್ತಿದ್ದ ನೇರಳೆ ಸೀರೆಗಳು ಆ ಗಳಿಗೆಯಲ್ಲಿ ನೆನಪಾದವು. ಅವುಗಳಲ್ಲಿ ಒಂದನ್ನೂ ಆಕೆ ಉಟ್ಟದ್ದನ್ನು ನಾನು ನೋಡಿಲ್ಲ.

ನಿಂಬೆಯ ಹೋಳು, ಹಾಸು, ಡಬ್ಬಿ ಎಲ್ಲವೂ ಅಲ್ಲಿಯೇ ಕಾರಿನಿಂದಿಳಿದವು. ಸಾಕಮ್ಮ ತನ್ನ ಒಂದು ಹಳೆಯ ಗೋಣಿಚೀಲವನ್ನು ಕೊಡವಿ ಕೊಟ್ಟಳು. ಇಲ್ಲಿ ನಿಮಗೊಂದು ವಿಷಯ ಹೇಳಲೇಬೇಕು: ನಮ್ಮದು ಮೂರು ಹೊತ್ತು ಶಿವಪೂಜೆಯ ಮನೆ, ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟಿದ್ದಿಲ್ಲ, ಆ ಕಾರಿನ ಹಣೆಯ ಮೇಲೆ ಮೂರು ಗೆರೆ ವಿಭೂತಿಯಿದೆ. ಪಾರ್ವತಿ ಮೀನಿನ ಗೋಣಿಯನ್ನು ನೋಡಿದಳು, ವಿಭೂತಿಯನ್ನು ನೋಡಿದಳು, ಬಾಲ ಅಲ್ಲಾಡಿಸುತ್ತಿದ್ದ ಕೋಡುಬಳೆಯನ್ನು ನೋಡಿದಳು. "ಶಿವಾ, ನೀನೇ ಕಣ್ಮುಚ್ಕೊ" ಎಂದು ಗೋಣಿಯನ್ನು ತಾನೇ ಹಿಂದಿನ ಸೀಟಿಗೆ ಹಾಸಿ, ಕಾರನ್ನು ಕಟ್ಟಾಯದ ಕಡೆಯಿಂದ ಅರಕಲಗೂಡಿನ ಕಡೆಗೆ ತಿರುಗಿಸಿದಳು. ಆಗ ನನಗೆ ತಿಳಿಯಿತು, ಆ ಚೆಂಡನ್ನು ಚೀಲಕ್ಕೆ ಹಾಕಲು ಅವಳಿಗೂ ಮನಸ್ಸಿರಲಿಲ್ಲ.

ಉಳಿದ ವಾರವೆಲ್ಲ ಅಭ್ಯಾಸ ನಡೆಯಿತು. ಖಾಲಿ ಹೊಟ್ಟೆ, ಇಷ್ಟೇ ಇಷ್ಟು ತೆರೆದ ಕಿಟಕಿ, ಸೀಟಿಗೆ ಬಿಗಿದ ಎದೆಪಟ್ಟಿ, ಗೋಣಿಯ ಸುಖ. ಮೊದಲು ಒಂದು ಬೀದಿ, ಆಮೇಲೆ ಒಂದು ಊರು. ಕಾರು ಕಂಡರೆ ಅಡಗಿ ಕೂರುತ್ತಿದ್ದ ಪ್ರಾಣಿ ಕೀಲಿಗೊಂಚಲಿನ ಸದ್ದಿಗೇ ಬಾಗಿಲಿಗೆ ಬಂದು ನಿಲ್ಲತೊಡಗಿತು. ನನ್ನ ಜೇಬಿನ ನಿಂಬೆ ಕೂಡ ಮನೆಯಲ್ಲೇ ಉಳಿಯಬೇಕೆಂದು ಹೆಡ್ ಮೇಡಂ ಆಜ್ಞೆಯಾಯಿತು. ಆ ಪುಟ್ಟ ಸವಾರಿಗಳಲ್ಲಿ ನಾನು ಉಸಿರು ಬಿಗಿಹಿಡಿದು ಕೂತು, ಮರ್ಯಾದೆ ಉಳಿಸಿಕೊಂಡೆ.

ಹೊರಡುವ ದಿನ ಬಂತು. ಲಾರಿ ಮುಂದೆ ಹೋಯಿತು, ಹಿಂದಿನಿಂದ ನಾವು. ಕೋಡುಬಳೆ ಮೂಗನ್ನು ಕಿಟಕಿಯ ಸಂದಿಗಿಟ್ಟು ಕಬ್ಬಿನ ಗದ್ದೆಗಳಿಗೆಲ್ಲ ವಿದಾಯ ಹೇಳುತ್ತಿತ್ತು. ಅದರ ಪಕ್ಕ, ಗೋಣಿಯ ಇನ್ನರ್ಧದ ಮೇಲೆ, ನಾನು. ಹೊಳೆನರಸೀಪುರದಲ್ಲಿ ಹೇಮಾವತಿಯ ಸೇತುವೆ ದಾಟಿ ಸ್ವಲ್ಪ ದೂರ ಹೋಗಿರಬಹುದು. ಬಿಸಿಲೇರಿತ್ತು, ಗೋಣಿಯೂ ಘಮಘಮಿಸತೊಡಗಿತ್ತು. "ಪಾರ್ವತೀ, ನಿಲ್ಲಿಸು!" ಎಂದವನೇ ಇಳಿದು ಕಿಲೋಮೀಟರ್ ಕಲ್ಲನ್ನು ತಬ್ಬಿಕೊಂಡೆ. ಐವತ್ತು ವರ್ಷಗಳ ಬಾಕಿಯೆಲ್ಲ ಅಲ್ಲಿ ತೀರಿತು.

ತಲೆಯೆತ್ತಿದಾಗ ಪಕ್ಕದಲ್ಲಿ ಕೋಡುಬಳೆ ಕೂತಿತ್ತು. ಪಾರ್ವತಿ ಅದರ ಹಗ್ಗ ಹಿಡಿದು ನಿಂತಿದ್ದಳು. ನಾಯಿಯ ಮುಖದಲ್ಲಿ ಗಾಬರಿಯಿರಲಿಲ್ಲ. ಒಂದು ತಿಂಗಳು ನಾನು ಅದರ ಪಕ್ಕ ಹೇಗೆ ಕೂತು ಕಾದಿದ್ದೆನೋ ಹಾಗೆಯೇ ಅದೂ ನನ್ನ ಸರದಿ ಮುಗಿಯಲೆಂದು ಕಾಯುತ್ತಿತ್ತು.

"ಇಬ್ಬರಲ್ಲಿ ಒಬ್ಬರನ್ನ ಕಟ್ಟಾಯದಲ್ಲಿ ಬಿಡಬೇಕು ಅಂದ್ರೆ ಯಾರನ್ನ ಅಂತ ಈಗ ಗೊತ್ತಾಯ್ತು ಬುಡ್ರಿ" ಎಂದಳು ಪಾರ್ವತಿ. ಹಾಗೆಂದವಳು ವ್ಯಾನಿಟಿ ಬ್ಯಾಗಿಗೆ ಕೈಹಾಕಿ, ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟಿದ್ದ ಒಂದು ನಿಂಬೆಹಣ್ಣು ತೆಗೆದಳು. "ತಗೊಳಿ. ಇಲ್ಲೇ ಮೂಸಿ ಮುಗಿಸ್ಕಳಿ. ಕಾರೊಳಿಕ್ಕೆ ತರಂಗಿಲ್ಲ."

ಮೂಸಿದೆ. ಅವ್ವ ನೆನಪಾದಳು, ಸಾಲಗಾಮೆಯ ಬಸ್ಸು ನೆನಪಾಯಿತು, ಹೊಟ್ಟೆ ತಣ್ಣಗಾಯಿತು. ಕೋಡುಬಳೆ ಒಂದು ಸಲ ಸೀನಿ, ಮುಖ ಸಿಂಡರಿಸಿ, ನಮ್ಮಿಬ್ಬರಿಗಿಂತ ಮೊದಲೇ ಹೋಗಿ ಕಾರು ಹತ್ತಿ ಕೂತಿತು. ಪಾರ್ವತಿ ಮುಂದಿನ ಸೀಟನ್ನು ತಟ್ಟಿ, ನನ್ನದೇ ಧಾಟಿಯಲ್ಲಿ, "ಏನೂ ಆಗಲ್ಲ ಬನ್ನಿ" ಎಂದಳು. ನಾನು ಹಣ್ಣನ್ನು ಕಲ್ಲಿನ ನೆತ್ತಿಯ ಮೇಲಿಟ್ಟು ಹೋಗಿ ಹತ್ತಿದೆ. ಕನ್ನಡಿಯಲ್ಲಿ ನೋಡಿದರೆ, ಹಿಂದೆ ಬರುತ್ತಿದ್ದ ಬೈಕಿನವನು ಕಲ್ಲಿನ ಮೇಲಿನ ನಿಂಬೆಹಣ್ಣು ಕಂಡದ್ದೇ, ಯಾರೋ ಮಾಟ ಮಾಡಿಸಿದ್ದಾರೆಂದು ರಸ್ತೆಯ ಆ ಬದಿಗೆ ಸರಿದು, ಎದೆ ಮುಟ್ಟಿಕೊಂಡು ದಾಟಿ ಹೋದ.