ಏಳು ನಲವತ್ತರ ಧಾರೆ

ಅರಕಲಗೂಡಿನ ನಾಗೇಶನಿಗೆ ಹೊಟ್ಟೆಕಿಚ್ಚಿನ ಮನುಷ್ಯ ಅಂತ ಹೆಸರೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ಸುತ್ತಲ ಹೋಬಳಿಗಳ ಮದುವೆಗಳಿಗೆ ಫೋಟೋ ತೆಗೆದ ಆಸಾಮಿ, ಕಿಚ್ಚು ಪಡುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಅವನು ಬರುವ ತನಕ ಪುರೋಹಿತರು ಹುಡುಗಿಯನ್ನು ಮಂಟಪಕ್ಕೆ ಕರೆಯುತ್ತಿರಲಿಲ್ಲ. ‘ನಾಗೇಶ ಬಂದ್ನಾ ನೋಡ್ರೋ’ ಅಂತ ಒಂದು ಕೂಗು, ಆಮೇಲೆ ಗಟ್ಟಿಮೇಳ. ಮದುವೆಗೆ ಹದಿನೈದು ದಿನ ಮುಂಚೆಯೇ ಹೆಣ್ಣಿನ ಮನೆಗೆ ಹೋಗಿ, ಲಗ್ನಪತ್ರಿಕೆಯ ಹಿಂದುಗಡೆ ಇಡೀ ದಿನದ ಲೆಕ್ಕಾಚಾರ ಬರೆದುಕೊಡುತ್ತಿದ್ದ. ಹುಡುಗಿ ಎಷ್ಟೊತ್ತಿಗೆ ತಯಾರಾಗಬೇಕು, ಬೀಗರನ್ನು ಎದುರುಗೊಳ್ಳುವುದು ಎಷ್ಟೊತ್ತಿಗಾದರೆ ಬೆಳಕು ಸರಿಯಿರುತ್ತದೆ, ಅಜ್ಜಿಯಂದಿರ ಫೋಟೋ ಊಟಕ್ಕೆ ಮುಂಚೆಯೇ ಯಾಕೆ ಮುಗಿಯಬೇಕು. ಉಂಡ ಮೇಲೆ ಅವರು ಸಿಕ್ಕಿದ ಕಡೆ ಮಲಗಿಬಿಡುತ್ತಾರಲ್ಲ. ಜನ ಆ ಚೀಟಿಯನ್ನು ಪಂಚಾಂಗದಷ್ಟೇ ನಂಬುತ್ತಿದ್ದರು.

ಇಂಥವನ ಒಡಹುಟ್ಟಿದ ಅಕ್ಕ ಕಾಮಾಕ್ಷಮ್ಮನ ಒಬ್ಬಳೇ ಮಗಳು ನಿಸರ್ಗ. ಅವಳ ಮದುವೆಯ ಫೋಟೋ ತೆಗೆಯುವ ಕೆಲಸ ಹಾಸನದ ಅಭಿಷೇಕ್ ಎಂಬ ಇಪ್ಪತ್ತೆಂಟರ ಹುಡುಗನಿಗೆ ಹೋಯಿತು.

ಸುದ್ದಿ ಹೇಳಲು ಮಲ್ಲಿಪಟ್ಟಣದ ಕಡೆಯ ಹಳ್ಳಿಯಿಂದ ಭಾವ ನಂಜಪ್ಪನೇ ಸ್ಟುಡಿಯೋಗೆ ಬಂದಿದ್ದ. ಕಾಫಿ ತರಿಸಿದರೆ ಲೋಟ ಕೈಯಲ್ಲೇ ಹಿಡಿದು ಕೂತ.

“ನೀನು ಸ್ವಾದರ್ಮಾವ ಕಣಪ್ಪ. ಉಡ್ಗಿ ಕೈ ಇಡ್ಕಂಡು ಮಂಟಪಕ್ಕೆ ಕರ್ಕಂಬರಾನೇ ಕ್ಯಾಮ್ರಾ ಇಡ್ಕಂಡು ನಿಂತ್ರೆ ಅವ್ಳನ್ನ ಇನ್ಯಾರು ಕರ್ಕಂಬತ್ತಾರೆ, ಯೋಳು? ಒಂದಿವ್ಸನಾದ್ರೂ ನೀನೂ ಪಂಚೆ ಉಟ್ಕಂಡು ನಿಂತ್ಕ.”

ಮಾತು ನೂರಕ್ಕೆ ನೂರು ನ್ಯಾಯವಾಗಿತ್ತು. ಅದಕ್ಕೇ ನಾಗೇಶನಿಗೆ ಇನ್ನೂ ಉರಿಯಿತು. ಅನ್ಯಾಯದ ಮಾತಾಗಿದ್ದರೆ ಜಗಳವಾದರೂ ಆಡಬಹುದಿತ್ತು. “ಅಂಗೇ ಆಗ್ಲಿ ಬುಡು ಭಾವ” ಅಂದು ನಕ್ಕ. ಭಾವನ ಬೈಕು ತಿರುವು ದಾಟುವ ಮೊದಲೇ ಮೊಬೈಲ್ ತೆಗೆದು ಆ ಅಭಿಷೇಕನ ಹೆಸರು ಹುಡುಕಿದ.

ಅಲ್ಲಿಂದ ಶುರುವಾಯಿತು ನೋಡಿ. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿಯೇ ಇವನು ಅಭಿಷೇಕನ ರೀಲ್ಸ್ ನೋಡುತ್ತಿದ್ದ. ಒಂದಾದರೂ ತಪ್ಪು ಸಿಗಲಿ ಅಂತ ಹುಡುಕಿದ್ದೇ ಹುಡುಕಿದ್ದು. ನಾಲ್ಕು ದಿನ ಹುಡುಕಿದ ಮೇಲೆ ಯಾವುದೋ ಗುಂಪು ಫೋಟೋದಲ್ಲಿ ಅಂಚಿನ ಒಬ್ಬರ ಕಿವಿ ಕತ್ತರಿಸಿಹೋಗಿದ್ದು ಸಿಕ್ಕಿತು. ಪಾಪ, ಅದೊಂದು ಕಿವಿಯಿಂದ ಎಷ್ಟು ಸಮಾಧಾನವಾದೀತು? ಗಂಡುಹೆಣ್ಣಿನ ಸುತ್ತ ಹೊಗೆ ತುಂಬಿದ ರೀಲ್ಸ್ ತೋರಿಸಿ ಗಿರಾಕಿಗಳಿಗೆ ಹೇಳುತ್ತಿದ್ದ: “ಆಸನದೋರು ಒಗೆ ಬುಡ್ತಾರೆ ಕಣ್ರೀ. ಗಂಡೆಣ್ಣು ಒಗೆ ಒಳ್ಗೆ ನಿಂತಿದ್ರೆ, ಸತ್ತು ಸ್ವರ್ಗಕ್ಕೋದೋರ್ ಕಂಡಂಗೆ ಕಾಣ್ತದೆ.” ಜನ ನಗುತ್ತಿದ್ದರು. ನಕ್ಕು, ತಮ್ಮ ಮಕ್ಕಳ ಮದುವೆಗೆ ಆ ಅಭಿಷೇಕನ ನಂಬರನ್ನೇ ಕೇಳುತ್ತಿದ್ದರು.

ಮದುವೆ ಮಾಘ ಮಾಸದಲ್ಲಿ. ಗಂಡಿನ ಕಡೆಯವರು ಚನ್ನರಾಯಪಟ್ಟಣದವರು. ಇಬ್ಬರಿಗೂ ನಡುವೆ ಆಗುತ್ತದೆ ಅಂತ ಹೊಳೆನರಸೀಪುರದ ಹಳೆಯ ಛತ್ರವೊಂದನ್ನು ಗೊತ್ತುಮಾಡಿದ್ದರು. ಎರಡು ವಾರ ಇದೆ ಎನ್ನುವಾಗ ಅಕ್ಕ ಫೋನ್ ಮಾಡಿದಳು. ಅಭಿಷೇಕ ಮದುವೆ ದಿನದ ಪಟ್ಟಿ ಕಳಿಸಿದ್ದಾನೆ, ನೀನೊಂದು ಸಲ ನೋಡಿಬಿಡು ಅಂದಳು.

ಹೋದ. ನಡುಮನೆಯ ಮಂಚದ ಮೇಲೆ ಕೂರಿಸಿ ಮೂರು ಹಾಳೆ ಕೊಟ್ಟರು. ಕಾಲು ಕಾಲು ಗಂಟೆಗೆ ಗೆರೆ ಎಳೆದು, ಬಣ್ಣ ಹಾಕಿ ಅಚ್ಚು ಮಾಡಿಸಿದ ಪಟ್ಟಿ. ನಾಲ್ಕೂವರೆಗೆ ಹುಡುಗಿಯ ಅಲಂಕಾರ. ಜೀರಿಗೆ ಬೆಲ್ಲಕ್ಕೆ ಎರಡು ನಿಮಿಷ. ತಿಂಡಿಯಾದ ಮೇಲೆ ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಮುಂದೆ ಗಂಡುಹೆಣ್ಣಿನ ಫೋಟೋ. ಒಂದು ಸಾಲು ಅವನಿಗೇ ಮೀಸಲಾಗಿತ್ತು: ‘7.15, ಸೋದರಮಾವ ಹುಡುಗಿಯನ್ನು ಕರೆತರುವುದು. ನಿಧಾನವಾಗಿ ನಡೆಯಬೇಕು. ಕ್ಯಾಮೆರಾ ನೋಡಬಾರದು.’

ಯಾರಿಗೆ ಹೇಳುತ್ತಾನಂತೆ ಇವನು? ಕ್ಯಾಮೆರಾ ನೋಡಬೇಡಿ ಅಂತ ಸಾವಿರಾರು ಸೋದರಮಾವಂದಿರಿಗೆ ಗದರಿದ ಬಾಯಿ ಇದು. ಆಗ ಬೆರಳು ಕೆಳಗಿನ ಸಾಲಿಗೆ ಇಳಿಯಿತು: ‘7.40, ಧಾರೆ.’ ಬೆರಳು ಅಲ್ಲೇ ನಿಂತಿತು.

ಆ ಛತ್ರದ ಗುಟ್ಟು ನಾಗೇಶನಿಗೆ ಗೊತ್ತಿತ್ತು. ಮಂಟಪ ಪೂರ್ವಕ್ಕೆ ಮುಖ ಮಾಡಿದೆ. ಎದುರು ಹೆಬ್ಬಾಗಿಲ ಮೇಲೆ, ಬಲು ಎತ್ತರದಲ್ಲಿ, ಕಬ್ಬಿಣದ ಸರಳಿನ ಒಂದು ಗವಾಕ್ಷಿ. ಮಾಘ ಮಾಸದಲ್ಲಿ ಏಳೂವರೆಯಿಂದ ಎಂಟರವರೆಗೆ, ಬರೀ ಅರ್ಧ ಗಂಟೆ, ಎಳೆಬಿಸಿಲು ಆ ಸರಳುಗಳನ್ನು ದಾಟಿ ನೇರ ಮಂಟಪಕ್ಕೆ ಬೀಳುತ್ತದೆ. ಇಪ್ಪತ್ತು ವರ್ಷದ ಹಿಂದೆ, ರೀಲು ಹಾಕುವ ಕಾಲದಲ್ಲಿ, ಇದು ತಿಳಿಯದೆ ಅವನು ಒಂದು ಧಾರೆ ತೆಗೆದಿದ್ದ. ತೊಳೆಸಿ ನೋಡಿದರೆ ಮದುಮಗಳ ಮುಖದ ಮೇಲೆ ಉದ್ದುದ್ದ ಕಪ್ಪು ಪಟ್ಟೆ. ಹುಡುಗಿಯ ಅಪ್ಪ ಆಲ್ಬಮ್ಮನ್ನು ಮೇಜಿನ ಮೇಲೆ ಎಸೆದು, “ನನ್ ಮಗ್ಳುನ್ನ ಜೈಲಿಗಾಕಿದ್ದೀಯಲ್ಲೋ” ಅಂತ ಊರಿಗೆಲ್ಲ ಕೇಳುವ ಹಾಗೆ ಅತ್ತಿದ್ದ. ಅಂದಿನಿಂದ ನಾಗೇಶ ಆ ಛತ್ರದಲ್ಲಿ ಮದುವೆಯಿದ್ದರೆ ಏಣಿ ಹಾಕಿಸಿ ಗವಾಕ್ಷಿಗೆ ಒಂದು ಬಿಳಿ ಪಂಚೆ ಕಟ್ಟಿಸುತ್ತಿದ್ದ. ಅಷ್ಟೇ ಮದ್ದು. ಅಭಿಷೇಕ ಛತ್ರ ನೋಡಲು ಬಂದಿದ್ದು ಮಧ್ಯಾಹ್ನವಂತೆ. ಮಧ್ಯಾಹ್ನ ಬಂದವನಿಗೆ ಏನು ಕಾಣುತ್ತದೆ, ಮಣ್ಣು?

“ಎಲ್ಲ ಸರಿಯಾಗೈತೇನೋ ನಾಗೇಶ?” ಅಂದಳು ಅಕ್ಕ.

“ಸರಿಯಾಗೇ ಮಾಡವ್ನೆ ಕಣಕ್ಕ. ಉಸಾರಾಗವ್ನೆ ಉಡ್ಗ.”

ನಿಸರ್ಗ ಬೈಕಿನ ತನಕ ಬಂದಳು. ಸುಮ್ಮನೆ ಬೈಕಿನ ಕನ್ನಡಿ ಒರೆಸುತ್ತಾ, “ಆ ಛತ್ರದ ಬಗ್ಗೆ ಏನಾದ್ರೂ ಹೇಳೋದಿದ್ಯಾ ಮಾವ?” ಅಂದಳು.

“ಏನೈತವ್ವ. ಏನೂ ಇಲ್ಲ.”

ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಬೇಕು ಅನ್ನುತ್ತಾರಲ್ಲ, ಅದು ಹಿರಿಯರು ಸುಮ್ಮನೆ ಕಟ್ಟಿದ ಗಾದೆಯಲ್ಲ. ಹಾಳಾಗುವುದು ತಾನು ಎತ್ತಿ ಆಡಿಸಿದ ಹುಡುಗಿಯ ಧಾರೆಯ ಫೋಟೋ ಅಂತ ನಾಗೇಶನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಾರಿಯುದ್ದಕ್ಕೂ ಗೊತ್ತಿತ್ತು. ಆದರೆ ಪಟ್ಟೆ ಬಿದ್ದ ಫೋಟೋ ಹಿಡಿದು ಅಕ್ಕ ಭಾವ ಇಬ್ಬರೂ ತನ್ನ ಅಂಗಡಿಗೆ ಬಂದು, ‘ನಿನಗೇ ಕೊಡಬೇಕಾಗಿತ್ತು ಕಣೋ’ ಅನ್ನುವುದನ್ನು ನೆನೆದರೆ ಬಾಯಲ್ಲಿ ಬೆಲ್ಲ ಕರಗುತ್ತಿತ್ತು. ಎರಡು ವಾರ ಆ ಬೆಲ್ಲ ಚೀಪಿಕೊಂಡೇ ಕಳೆದ.

ಮದುವೆಯ ದಿನ ರೇಷ್ಮೆ ಪಂಚೆ ಉಟ್ಟು, ಪೇಟ ಸುತ್ತಿಸಿಕೊಂಡು, ಏಳೂಕಾಲಿಗೆ ನಿಸರ್ಗಳ ಕೈಹಿಡಿದು ಮಂಟಪಕ್ಕೆ ಕರೆತಂದ. ಮಂಟಪದ ಹಿಂದಿನ ಕೋಣೆಯಿಂದ ಪಕ್ಕದ ಮೆಟ್ಟಿಲು ಹತ್ತಿ ಬಂದಿದ್ದರಿಂದ ಹೆಬ್ಬಾಗಿಲ ಕಡೆ ಕಣ್ಣು ಹೋಗಲಿಲ್ಲ. ತೆರೆ ಸರಿಯಿತು, ಜೀರಿಗೆ ಬೆಲ್ಲವಾಯಿತು, ತಾಳಿಯಾಯಿತು. ಏಳು ನಲವತ್ತಕ್ಕೆ ಸರಿಯಾಗಿ ಅಪ್ಪ ಅಮ್ಮನ ಕೈಮೇಲೆ ಹುಡುಗ ಹುಡುಗಿಯ ಕೈ ಇಟ್ಟು, ತೆಂಗಿನಕಾಯಿ ಇಟ್ಟು, ಹಾಲು ಎರೆಯತೊಡಗಿದರು. ಕಾಮಾಕ್ಷಮ್ಮ ಬಿಕ್ಕಿದಳು. ನಂಜಪ್ಪನಂಥ ನಂಜಪ್ಪನೂ ತುಟಿ ಕಚ್ಚಿದ. ತನ್ನ ಸರದಿಗೆ ಚೆಂಬು ಹಿಡಿದ ನಾಗೇಶ ಹಾಲು ಎರೆಯುತ್ತಲೇ ಪಟ್ಟೆ ಬೀಳುವುದನ್ನು ಕಾಯುತ್ತಿದ್ದ.

ಬೀಳಲಿಲ್ಲ. ಮಂಟಪದ ತುಂಬ ಹಾಲಿನಂಥ ತಿಳಿ ಬೆಳಕು. ತಲೆಯೆತ್ತಿದ. ಗವಾಕ್ಷಿಗೆ ಒಂದು ಬಿಳಿ ಬಟ್ಟೆ, ನಾಲ್ಕು ಮೂಲೆಗೂ ಹುರಿ ಬಿಗಿದು, ಅಚ್ಚುಕಟ್ಟಾಗಿ ಕಟ್ಟಿತ್ತು. ಕೈಲಿದ್ದ ಹಾಲಿನ ಚೆಂಬು ವಾಲಿ, ಹಾಲು ಕಾಯಿಯ ಮೇಲೆ ಬೀಳದೆ ನಿಸರ್ಗಳ ಮೊಣಕೈ ಮೇಲೆ ಸುರಿಯಿತು. “ನೋಡ್ಕಂಡ್ ಎರೀರಿ” ಅಂದರು ಪುರೋಹಿತರು.

ತಿಂಡಿಯ ಪಂಕ್ತಿಯಲ್ಲಿ ಅಭಿಷೇಕ ಹುಡುಕಿಕೊಂಡು ಬಂದ. ಕುತ್ತಿಗೆಗೆ ಎರಡು ಕ್ಯಾಮೆರಾ; ಆದರೂ ಬಗ್ಗಿ ಕೈ ಮುಗಿದ.

“ಕಿಟ್ಕಿ ವಿಷ್ಯ ನೀವು ಹೇಳಿಕಳ್ಸದೇ ಇದ್ದಿದ್ರೆ ಇವತ್ತು ನನ್ ಮರ್ಯಾದೆ ಹೋಗ್ತಿತ್ತು ಸಾ. ನಿಸರ್ಗ ಅವ್ರು ಫೋನ್ ಮಾಡುದ್ರು, ನಮ್ಮಾವ ಹೇಳಿದ್ದಾರೆ ಅಂತ. ಬೇರೆ ಯಾರೂ ಇಂಥದನ್ನ ಹೇಳ್ಕೊಡಲ್ಲ ಸಾ ಈ ಲೈನಲ್ಲಿ.”

ನಾಗೇಶ ಎಲೆಯ ಮೇಲಿದ್ದ ಕೇಸರಿಬಾತನ್ನು ಅಂಚಿಗೆ ಸರಿಸಿದ. ಆ ಹುಡುಗ ಒಂದಿಷ್ಟು ಸೊಕ್ಕಿನವನಾಗಿದ್ದರೆ ಇವನಿಗೆ ಎಷ್ಟೋ ಹಗುರಾಗುತ್ತಿತ್ತು. ಹುಷಾರಾಗಿರುವುದಲ್ಲದೆ ಒಳ್ಳೆಯವನೂ ಆಗಿಬಿಟ್ಟರೆ ಕಿಚ್ಚು ಪಡುವವನು ಎಲ್ಲಿಗೆ ಹೋಗಬೇಕು?

ತಿಂಗಳಾದ ಮೇಲೆ ನಿಸರ್ಗ ಅರಕಲಗೂಡಿಗೆ ಬಂದು, ಸ್ಟುಡಿಯೋದ ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಬಿಡಿಸಿ ಇಟ್ಟಳು. ಧಾರೆಯದು. ನಾಗೇಶ ಮೊದಲು ಕಸುಬಿನವನ ಕಣ್ಣಲ್ಲೇ ನೋಡಿದ. ಬೆಳಕು, ಹಾಲಿನ ಎಳೆ, ಹುಡುಗಿಯ ತಗ್ಗಿದ ರೆಪ್ಪೆ, ಅಕ್ಕನ ಕಣ್ಣೀರು. ಇಪ್ಪತ್ತಾರು ವರ್ಷದಲ್ಲಿ ಇಂಥದೊಂದನ್ನು ಅವನು ತೆಗೆದಿರಲಿಲ್ಲ. ಅದನ್ನು ಒಪ್ಪಿಕೊಳ್ಳುವಷ್ಟರಲ್ಲಿ ಬಲಗಡೆಯ ಅಂಚು ಕಣ್ಣಿಗೆ ಬಿತ್ತು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದಾರೆ. ಪೇಟ ಸುತ್ತಿದ ಸೋದರಮಾವ ಒಬ್ಬನೇ ಕತ್ತೆತ್ತಿ ಗವಾಕ್ಷಿ ನೋಡುತ್ತಿದ್ದಾನೆ. ಬಾಯಿ ಅರ್ಧ ತೆರೆದಿದೆ. ಕೈಯಲ್ಲಿದ್ದದ್ದನ್ನು ಯಾರೋ ಕಿತ್ತುಕೊಂಡ ಮುಖ. ಮುಖ ಓದುವುದೇ ಅವನ ಕಸುಬು. ಇದನ್ನು ಓದಲು ಅರೆಗಳಿಗೆಯೂ ಬೇಕಾಗಲಿಲ್ಲ.

“ನಿಂಗೆ ಆ ವಿಸ್ಯ ಎಂಗೆ ಗೊತ್ತಾಯ್ತವ್ವ?” ಅಂದ.

“ಅಮ್ಮ ಎಷ್ಟು ಸಲ ಹೇಳಿಲ್ಲ, ಆ ಛತ್ರದಲ್ಲಿ ನೀವು ಹುಡುಗಿ ಮುಖಕ್ಕೆ ಪಟ್ಟೆ ಬೀಳಿಸಿ ಮೂರು ದಿನ ಊಟ ಬಿಟ್ಟಿದ್ದು, ಆಮೇಲೆ ಕಿಟ್ಕಿಗೆ ಪಂಚೆ ಕಟ್ಟಿಸ್ತಿದ್ದಿದ್ದು. ನೀವು ಪಟ್ಟಿ ನೋಡ್ದಾಗ ಹೇಳ್ತೀರಿ ಅಂತ ಕಾದೆ ಮಾವ. ಬೈಕ್ ಹತ್ರಾನೂ ಕೇಳ್ದೆ. ಮನೆಗೆ ಹೋಗಿ ಫೋನಾದ್ರೂ ಮಾಡ್ತೀರಿ ಅಂತ ಹತ್ತು ದಿನ ಕಾದೆ.” ಅವಳು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. “ಇದನ್ನ ಹಜಾರದಲ್ಲಿ ಹಾಕ್ತೀವಿ. ಗಾಜು, ಕಟ್ಟು ನೀವೇ ಹಾಕ್ಕೊಡಿ.”

ನಾಗೇಶ ಅಡಿಪಟ್ಟಿ ತೆಗೆದು ಫೋಟೋದ ಬಲ ಅಂಚಿಗಿಟ್ಟ. ಮೂರು ಬೆರಳಗಲ ಕತ್ತರಿಸಿದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

“ಈ ಕಡೆ ಒಸಿ ಕತ್ತರ್ಸಿ ಆಕ್ಲಾ ಮಗಾ?”

ನಿಸರ್ಗ ಅಡಿಪಟ್ಟಿಯನ್ನು ಮೆಲ್ಲಗೆ ಆಚೆ ಸರಿಸಿದಳು.

“ಸೋದರಮಾವ ಇಲ್ದೆ ಧಾರೆ ಆಗುತ್ತಾ ಮಾವ?” ಅಂದಳು.