ರುಬೀನಾಳ ಗಣಿತ ತಪ್ಪಿಸಿದವಳು

ರುಬೀನಾ ಇಂಜಿನಿಯರ್ ಆಗದಂತೆ ಮಾಡಿದವಳು ನಾನು. ಕಾಲೇಜಿನ ಆ ಮೇಡಂ ಅಲ್ಲ, ಅವಳ ಅಪ್ಪ ಅಲ್ಲ, ಹಣೆಬರಹವಂತೂ ಮೊದಲೇ ಅಲ್ಲ — ನಾನು. ಒಂದು ಸುಳ್ಳು ಹೇಳಿದೆ. ಅದೂ ಎಂಥದ್ದಕ್ಕೆ — ಲೆಕ್ಕಕ್ಕೆ ಹೆದರಿ! ಬರೆಯುವಾಗ ನನ್ನ ಮೇಲೆ ನನಗೇ ರೇಗುತ್ತಿದೆ.

ಈಗ ನಾನು ನ್ಯಾಮತಿಯಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರ್. ಹತ್ತನೇ ತರಗತಿಯ ರಿಸಲ್ಟ್ ಬಂತೆಂದರೆ ನಮ್ಮ ಮನೆ ಬಸ್‌ಸ್ಟ್ಯಾಂಡ್ ಆಗುತ್ತದೆ. ಚನ್ನಗಿರಿಯಿಂದ ಗಂಡನ ಕಡೆಯ ನೆಂಟರು, ಅವರ ಬೀಗರು, ಬೀಗರ ಪಕ್ಕದ ಮನೆಯವರು. "ಇಂಜಿನಿಯರಿಂಗ್ ಮಾಡಾಕೆ ಏನೇನ್ ತಗೋಬೇಕ್ರೀ ಟೀಚರ್?" ಅಪ್ಪ ಕೇಳುತ್ತಾನೆ, ಅಮ್ಮ ಕೇಳುತ್ತಾಳೆ, ಜೊತೆಗೆ ಬಂದ ಸೋದರಮಾವನೂ ಕೇಳುತ್ತಾನೆ. ಓದಬೇಕಾದ ಮಗು ಮಾತ್ರ ಬಾಯಿ ಬಿಡುವುದಿಲ್ಲ. "ಬಯಾಲಜಿನೂ ಇರ್ಲಿ ಬಿಡ್ರಿ, ಡಾಕ್ಟ್ರಾದ್ರೂ ಆಗ್ಲಿ" ಎನ್ನುತ್ತಾರೆ — ಸಂತೆಯಲ್ಲಿ ಕೊಸರು ಕೇಳಿದ ಹಾಗೆ. ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಭೌತಶಾಸ್ತ್ರ, ಗಣಿತ ಬೇಕೇ ಬೇಕು, ರಸಾಯನಶಾಸ್ತ್ರವೂ ಇರಲಿ, ನಾಲ್ಕನೆಯದನ್ನು ಮಗುವಿಗೆ ಬಿಡಿ. ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದ ಮಾತನ್ನು ಹೇಳಬೇಕಾದವಳಿಗೆ ಹೇಳದೆ, ಈಗ ಊರಿಗೆಲ್ಲ ಹೇಳುತ್ತಿದ್ದೇನೆ.

ನಾವಿಬ್ಬರೂ ಸಾಸ್ವೆಹಳ್ಳಿಯವರು, ಒಂದೇ ಬೆಂಚಿನಲ್ಲಿ ಓದಿದವರು. ರುಬೀನಾಳ ಅಪ್ಪನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ಇವಳು ಅಲ್ಲೇ. ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ತಾಮ್ರದ ತಂತಿ ಸುತ್ತಿ, ಸ್ವಿಚ್ ಒತ್ತಿದಾಗ ಅದು ಗುಂಯ್ ಎಂದರೆ ಇವಳ ಮುಖ ಅರಳುತ್ತಿತ್ತು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಎಂಬುದೊಂದಿದೆ ಎಂದು ಯಾರೋ ಹೇಳಿದ್ದೇ ತಡ — ಅದೇ ಜಪ. ಗಣಿತವೆಂದರೆ ಅವಳಿಗೆ ಹಾಲು ಕುಡಿದಷ್ಟು ಸಲೀಸು. ನನಗೋ, ಪರೀಕ್ಷೆಯ ಹಿಂದಿನ ದಿನ ಜ್ವರವೇ ಬರುತ್ತಿತ್ತು.

ನಮ್ಮೂರಲ್ಲಿ ಹೆಣ್ಣುಮಕ್ಕಳನ್ನು ಹೊನ್ನಾಳಿಗೆ ಕಾಲೇಜಿಗೆ ಕಳಿಸಬೇಕಾದರೆ ಜೋಡಿ ಇರಬೇಕು. ಒಬ್ಬಳೇ ಬಸ್ ಹತ್ತುವಂತಿಲ್ಲ. ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು. ಜೋಡಿ ಸಿಗದೆ ಮನೆಯಲ್ಲೇ ಉಳಿದವರು ಎಷ್ಟೋ ಜನ. ನಮ್ಮ ಕಾಲೇಜಿನಲ್ಲಿ ವಿಜ್ಞಾನಕ್ಕೆ ಎರಡು ಸೆಕ್ಷನ್ — ಒಂದರಲ್ಲಿ ಗಣಿತ, ಇನ್ನೊಂದರಲ್ಲಿ ಜೀವಶಾಸ್ತ್ರದ ಜೊತೆ ಗೃಹವಿಜ್ಞಾನ. ಗಣಿತದ್ದು ಸಂಜೆಯವರೆಗೆ, ಇನ್ನೊಂದು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅಂದಮೇಲೆ ಇಬ್ಬರೂ ಒಂದೇ ಸೆಕ್ಷನ್ ಸೇರಬೇಕು. ನನ್ನ ಅಪ್ಪ ಒಂದೇ ಮಾತಿಗೆ ಮುಗಿಸಿದ್ದರು: "ಇಂಜಿನಿಯರಿಂಗಿಗೆ ಯಾವುದ್ ಬೇಕೋ ಕೇಳ್ಕೊಂಡ್ ಬಾ. ರುಬೀನಾ ತಗಂಡಿದ್ದೇ ನೀನೂ ತಗೋ."

ನನ್ನನ್ನು ಕೇಳಿದರೇ? ಇಲ್ಲ. ನಾನು ಬಾಯಿಬಿಟ್ಟು ಹೇಳಿದೆನೇ? ಅದೂ ಇಲ್ಲ. ಗಣಿತ ನನ್ನ ಕೈಲಾಗದು ಎಂದು ಅಪ್ಪನ ಎದುರು ಹೇಳುವ ಧೈರ್ಯ ಇರಲಿಲ್ಲ — ಗೆಳತಿಯ ಬದುಕು ಕೆಡಿಸುವ ಧೈರ್ಯ ಮಾತ್ರ ಎಲ್ಲಿಂದ ಬಂತೋ.

ಅಡ್ಮಿಷನ್ ಹೊತ್ತಿಗೆ ರುಬೀನಾ ಸೀತಾಳೆ ಸಿಡುಬು ಎದ್ದು ಮಲಗಿಬಿಟ್ಟಳು. ನಾನು, ಇಬ್ಬರ ಅಪ್ಪಂದಿರು ಹೋದೆವು. ಅವರಿಬ್ಬರೂ ಚಹಾ ಕುಡಿಯಲು ಹೊರಗೆ ಹೋದರು. ಕೌಂಟರಿನಲ್ಲಿ ಕೂತಿದ್ದ ಹೊಸ ಮೇಡಂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: "ನೋಡಮ್ಮ, ಗಣಿತ ಬಿಟ್ಟರೆ ಇಂಜಿನಿಯರಿಂಗ್ ಇಲ್ಲ. ಸರಿಯಾಗಿ ಯೋಚನೆ ಮಾಡು." ಸರಿಯಾಗಿಯೇ ಯೋಚನೆ ಮಾಡಿದೆ — ನನ್ನ ಬಗ್ಗೆ. ಅಪ್ಪಂದಿರು ಬಂದು, ಮೇಡಂ ಏನಂದರು ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟು:

"ಎರಡ್ರಾಗೂ ಇಂಜಿನಿಯರಿಂಗ್ ಸಿಗ್ತೈತಂತೆ. ಗೃಹವಿಜ್ಞಾನದ್ದಾದ್ರೆ ಮಧ್ಯಾಹ್ನಕ್ಕೇ ಬಿಡ್ತಾರಂತೆ."

ಮಧ್ಯಾಹ್ನಕ್ಕೇ ಬಿಡುತ್ತಾರೆ ಎಂದದ್ದೇ ಸಾಕಾಯಿತು, ಇಬ್ಬರ ಮುಖವೂ ಹಗುರಾಯಿತು. ನಮ್ಮಿಬ್ಬರ ಹೆಸರನ್ನೂ ಅದಕ್ಕೇ ಬರೆಸಿದರು; ಹಾಸಿಗೆಯಲ್ಲಿದ್ದ ರುಬೀನಾಳೂ ಅದು ಮೇಡಂ ಹೇಳಿದ ಮಾತೆಂದೇ ನಂಬಿದಳು. ಮೇಡಂ ಅವರನ್ನು ಇನ್ನೊಂದು ಸಲ ಕೇಳೋಣ ಎಂದು ಒಬ್ಬರಿಗಾದರೂ ಅನಿಸಬಾರದಿತ್ತೇ! ಇದು ನೆಪವಲ್ಲ — ಸುಳ್ಳು ನನ್ನದೇ. ಆದರೂ ಆ ಹಿರಿಯರನ್ನು ನೆನೆದರೆ ಇಂದಿಗೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಭೌತಶಾಸ್ತ್ರದ ಮೇಷ್ಟ್ರು ಯಾರು ಏನಾಗಬೇಕು ಎಂದು ಕೇಳಿದರು. ರುಬೀನಾ ಎದ್ದು ನಿಂತು "ಇಂಜಿನಿಯರ್ ಸರ್" ಎಂದಳು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅವಳೂ ಏನೆಂದು ತಿಳಿಯದೆ ಸ್ವಲ್ಪ ನಕ್ಕಳು — ಆ ನಗು, ಅದನ್ನು ಹೇಗೆ ಬರೆಯಲಿ — ಮೇಷ್ಟ್ರು ನಗಲಿಲ್ಲ. ವಿಷಯ ಬಿಡಿಸಿ ಹೇಳಿದರು. ಸೆಕ್ಷನ್ ಬದಲಿಸುವ ಕಾಲ ಮುಗಿದುಹೋಗಿತ್ತು.

ಮರುದಿನ ಅವಳ ಅಪ್ಪ ಕಾಲೇಜಿಗೆ ಬಂದು, ಎಲ್ಲರೆದುರು ಆ ಮೇಡಂ ಮೇಲೆ ಕೂಗಾಡಿದರು. "ಗೊತ್ತಿಲ್ಲಾಂದ್ರೆ ಗೊತ್ತಿಲ್ಲ ಅನ್ಬೇಕ್ರೀ. ನನ್ ಮಗಳ ಜೀವನ ಹಾಳ್ ಮಾಡಾಕೆ ನೀವ್ಯಾರ್ರೀ?" ಮೇಡಂ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಅವರಿಗೆ ನೆನಪಿತ್ತು. ನಾನು ನೆಲ ನೋಡಿದೆ. ಯಾಕೋ ಅವರೂ ನನ್ನ ಹೆಸರು ಹೇಳಲಿಲ್ಲ.

ಪಾಲಿಟೆಕ್ನಿಕ್ ಸೇರಿಸಿ ಎಂದು ರುಬೀನಾ ಬೇಡಿಕೊಂಡಳು. ಪಾಲಿಟೆಕ್ನಿಕ್ ಎಂದರೆ ದಾವಣಗೆರೆ, ಅಷ್ಟು ದೂರಕ್ಕೆ ಜೋಡಿ ಯಾರು? ಮೋಟಾರು ಬಿಚ್ಚಿ ಜೋಡಿಸುತ್ತಿದ್ದ ಹುಡುಗಿ ಎರಡು ವರ್ಷ ನನ್ನ ಪಕ್ಕ ಕೂತು ಉಪ್ಪಿಟ್ಟಿನ ಪೋಷಕಾಂಶ ಬರೆದಳು. ನನ್ನ ಮೇಲೆ ಒಂದು ದಿನವೂ ಅನುಮಾನ ಪಡಲಿಲ್ಲ. ನಾನು ಡಿಗ್ರಿ ಮಾಡಿದೆ, ಬಿ.ಎಡ್. ಮಾಡಿದೆ. ಅವಳನ್ನು ಜಗಳೂರಿಗೆ ಬಟ್ಟೆ ವ್ಯಾಪಾರದವರ ಮನೆಗೆ ಕೊಟ್ಟರು.

ಮೊನ್ನೆ ಫೋನ್ ಮಾಡಿದಳು. ಮಗಳು ಸನಾ ಹತ್ತನೇ ತರಗತಿ ಮುಗಿಸಿದ್ದಾಳಂತೆ.

"ಇವ್ಳಿಗೂ ಇಂಜಿನಿಯರಿಂಗ್ ಹುಚ್ಚು ಕಣೇ. ಏನ್ ಕೊಡಿಸ್ಲಿ? ಆವತ್ತು ಆ ಮೇಡಂನ ನಂಬಿ ನಾನ್ ಹೆಂಗೆ ಹಾಳಾದೆ, ನೋಡಿದ್ಯಲ್ಲ. ಅದ್ಕೇ ನಿನ್ನ ಕೇಳ್ತಿರೋದು. ನೀನಾದ್ರೆ ಸುಳ್ ಹೇಳಲ್ಲ."

ಸುಮ್ಮನೆ ವಿಷಯಗಳನ್ನು ಹೇಳಿ ಮುಗಿಸಬಹುದಿತ್ತು. ಮುಗಿಸಿಯೇಬಿಡುತ್ತಿದ್ದೆ. ಆದರೆ ಆ ಕೊನೆಯ ಮಾತು —

"ಆ ಮೇಡಂ ಸರಿಯಾಗೇ ಹೇಳಿದ್ರು, ರುಬೀನಾ. ಸುಳ್ ಹೇಳಿದ್ದು ನಾನು. ಲೆಕ್ಕ ತಗೊಳ್ಳಾಕೆ ಹೆದ್ರಿ ಹಂಗಂದೆ."

ಫೋನಿನಲ್ಲಿ ಅವರ ಮನೆಯ ಟಿವಿ ಕೇಳುತ್ತಿತ್ತು. ಅದನ್ನು ಯಾರೋ ಆರಿಸಿದರು. ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು — ಅದಕ್ಕೂ ನನಗೆ ಯೋಗ್ಯತೆ ಇಲ್ಲ.

"ಸನಾಗೆ ಏನ್ ಬೇಕು ಅದನ್ನ ಹೇಳು" ಎಂದಳು ಕಡೆಗೆ. ದನಿ ಒಣಗಿತ್ತು.

"ಗಣಿತ ಬೇಕೇ ಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ. ನಾಲ್ಕನೇದು ಅವಳಿಷ್ಟ."

"ಹ್ಞೂಂ. ಯಾವುದಕ್ಕೂ ನಾಳೆ ನಾನೇ ಕಾಲೇಜಿಗೆ ಹೋಗಿ, ಇನ್ನೊಬ್ರನ್ನ ಕೇಳ್ಕೊಂತೀನಿ."

ಫೋನ್ ಇಟ್ಟಳು. ನಾನು ಹೇಳಿದ್ದು ಈ ಸಲ ಅಕ್ಷರಶಃ ನಿಜ. ಆದರೂ ಇನ್ನೊಬ್ಬರನ್ನು ಕೇಳುವುದೇ ಸರಿ.